ಗುಳೆ ಬಂದ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಉಳಿಯಬೇಕಾದರೆ: ಶಿಕ್ಷಕರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಂದು ಮಾರ್ಗದರ್ಶಿ

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ಬಂದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ ಇಳಿದವರ ಮಕ್ಕಳಿದ್ದಾರೆ. ಒಡಿಶಾದ ಬಲಾಂಗೀರ್ ಕಡೆಯಿಂದ ಇಟ್ಟಿಗೆ ಗೂಡಿಗೆ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ ಸೀಮೆಯ ಕಬ್ಬಿನ ಗದ್ದೆಗೆ, ನೇಪಾಳದಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾವಲಿಗೆ ಬಂದ ಕುಟುಂಬಗಳೂ ಇವೆ. ಊರು, ಭಾಷೆ, ಕೆಲಸ ಎಲ್ಲ ಬೇರೆ ಬೇರೆ. ಆದರೆ ಈ ಮಕ್ಕಳು ಶಾಲೆಯಿಂದ ಕಳೆದುಹೋಗುವುದು ಮುಖ್ಯವಾಗಿ ಎರಡು ದಿನಗಳಲ್ಲಿ: ಹೊಸ ಊರಿಗೆ ಬಂದ ದಿನ, ಆ ಊರು ಬಿಡುವ ದಿನ. ತರಗತಿಯೊಳಗೆ ಎಷ್ಟೇ ಚೆನ್ನಾಗಿ ಕಲಿಸಿದರೂ ಈ ಎರಡು ದಿನ ಕೈತಪ್ಪಿದರೆ ಮಗು ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಇಲ್ಲಿ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಆ ಎರಡು ದಿನಗಳ ಸುತ್ತಲೇ ಇವೆ.

ಮೊದಲು, ಅವರು ಎಲ್ಲಿದ್ದಾರೆ ಎಂದು ತಿಳಿಯಿರಿ

ಜೂನ್‌ನ ದಾಖಲಾತಿ ಆಂದೋಲನ ಸ್ಥಳೀಯ ಮಕ್ಕಳಿಗೆ ಸರಿ. ಗುಳೆ ಬರುವವರ ಕ್ಯಾಲೆಂಡರೇ ಬೇರೆ. ಕಬ್ಬು ಕಡಿಯುವ ಗ್ಯಾಂಗ್‌ಗಳು ದಸರಾ, ದೀಪಾವಳಿಯ ಹೊತ್ತಿಗೆ ಬಂದು ಮಾರ್ಚ್, ಏಪ್ರಿಲ್‌ಗೆ ಹೊರಡುತ್ತವೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಅದರ ಬೆನ್ನಿಗೇ. ಇಟ್ಟಿಗೆ ಗೂಡಿನ ಕೆಲಸ ಮಳೆ ನಿಂತ ಮೇಲೆ ಶುರುವಾಗಿ ಮುಂಗಾರು ಬರುವ ತನಕ. ಕಟ್ಟಡ ಕೆಲಸಕ್ಕೆ ಕಾಲವೇ ಇಲ್ಲ, ಸೆಂಟ್ರಿಂಗ್ ಮುಗಿದರೆ ಮುಂದಿನ ಸೈಟ್. ಆದ್ದರಿಂದ ಮನೆಭೇಟಿಯನ್ನು ವರ್ಷಕ್ಕೆ ಮೂರು ಸಲ ಮಾಡಿ: ಜೂನ್, ನವೆಂಬರ್, ಜನವರಿ.

ಒಂದು ಹಾಳೆಯ ಮೇಲೆ ಶಾಲೆಯ ಸುತ್ತಲಿನ ನಕ್ಷೆ ಬರೆದು ಶೆಡ್ ಸಾಲು, ಗೂಡು, ಲೈನ್‌ಮನೆ, ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಎಲ್ಲವನ್ನೂ ಗುರುತಿಸಿ. 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗಿನದು ನೆರೆಹೊರೆ ಶಾಲೆ ಎಂಬ ಲೆಕ್ಕ ಹಿಡಿದರೆ ಯಾವ ಶೆಡ್ ಯಾವ ಶಾಲೆಗೆ ಸೇರುತ್ತದೆ ಎಂದು ಪಕ್ಕದ ಶಾಲೆಯವರೊಂದಿಗೆ ಹಂಚಿಕೊಳ್ಳಬಹುದು. ಹಂಚಿಕೊಳ್ಳದಿದ್ದರೆ ಎರಡು ಶಾಲೆಯವರೂ ‘ಅದು ಅವರ ವ್ಯಾಪ್ತಿ’ ಎಂದುಕೊಂಡು ನಡುವಿನ ಶೆಡ್‌ಗೆ ಯಾರೂ ಹೋಗಿರುವುದಿಲ್ಲ.

ಹಗಲು ಹೋದರೆ ಶೆಡ್‌ನಲ್ಲಿ ಸಿಗುವುದು ಪುಟ್ಟ ಮಕ್ಕಳು, ಅವರನ್ನು ನೋಡಿಕೊಳ್ಳುವ ಒಂಬತ್ತು, ಹತ್ತು ವರ್ಷದ ಹುಡುಗಿಯರು ಮಾತ್ರ. ಸಂಜೆ ಆರರ ಮೇಲೆ, ಇಲ್ಲವೇ ಸಂತೆಯ ದಿನ, ಬಟವಾಡೆಯ ದಿನ ಹೋಗಿ. ಮೇಸ್ತ್ರಿಗೆ ಮೊದಲೇ ಹೇಳಿ ಹೋಗುವುದು ಒಳ್ಳೆಯದು, ಅವನ ಒಪ್ಪಿಗೆ ಇಲ್ಲವೆಂದು ಅಪ್ಪ ಅಮ್ಮ ಬಾಯಿಬಿಡದೇ ಇರಬಹುದು. ರಿಜಿಸ್ಟರ್ ಹಿಡಿದು ಒಳಗೆ ನುಗ್ಗಬೇಡಿ. ಸರ್ಕಾರದ ಪುಸ್ತಕ ಕಂಡ ಕೂಡಲೇ ತೆರವು ಮಾಡಿಸಲು ಬಂದವರೆಂದು ಭಯಪಡುವವರು ಬಹಳ. ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಇಷ್ಟು ಸಾಕು: ಮಕ್ಕಳ ಹೆಸರು, ಸುಮಾರು ವಯಸ್ಸು, ಮನೆಯಲ್ಲಿ ಆಡುವ ಮಾತು, ಹಿಂದೆ ಎಷ್ಟನೇ ತರಗತಿಯಲ್ಲಿದ್ದರು, ಇಲ್ಲಿ ಎಷ್ಟು ತಿಂಗಳು ಇರುತ್ತೀರಿ. ಆಧಾರ್, ಜಾತಿ, ವೋಟರ್ ಕಾರ್ಡ್ ಮಾತು ಆ ದಿನ ಎತ್ತಲೇಬೇಡಿ.

ಬಂದ ದಿನ: ದಾಖಲಾತಿ ಅದೇ ದಿನ ಆಗಬೇಕು

ದಿನಗೂಲಿ ಬಿಟ್ಟು ಅಪ್ಪನೋ ಅಮ್ಮನೋ ಶಾಲೆಗೆ ಬಂದಿದ್ದಾರೆ. ‘ಟಿಸಿ ತಗೊಂಡು ಬನ್ನಿ, ಜನನ ಪ್ರಮಾಣಪತ್ರ ತಗೊಂಡು ಬನ್ನಿ’ ಎಂದು ಕಳಿಸಿದರೆ ಮತ್ತೊಂದು ದಿನದ ಕೂಲಿ ಹೋಗುತ್ತದೆ, ಅವರು ಮತ್ತೆ ಬರುವುದಿಲ್ಲ. ಎಷ್ಟೋ ಮಕ್ಕಳ ಓದು ನಿಂತಿದ್ದು ಈ ಒಂದು ವಾಕ್ಯದಿಂದ. ಹೇಳುವವರಿಗೂ ಅದು ತಪ್ಪೆಂದು ಗೊತ್ತಿರುವುದಿಲ್ಲ. ಕಾನೂನು ಹೇಳುವುದು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಈ ಸೆಕ್ಷನ್‌ಗಳನ್ನು ಮುಖ್ಯ ಶಿಕ್ಷಕರ ಮೇಜಿನ ಗಾಜಿನ ಕೆಳಗೆ ಬರೆದಿಟ್ಟುಕೊಳ್ಳಿ:

- ಸೆಕ್ಷನ್ 4: ಶಾಲೆ ಬಿಟ್ಟ ಅಥವಾ ಸೇರದೇ ಇದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ವಿಶೇಷ ತರಬೇತಿ ಕೊಡಬೇಕು.
- ಸೆಕ್ಷನ್ 5: ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ. ಹಳೆಯ ಶಾಲೆಯ ಮುಖ್ಯ ಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು, ತಡ ಮಾಡಿದರೆ ಶಿಸ್ತುಕ್ರಮ.
- ಸೆಕ್ಷನ್ 9: ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ.
- ಸೆಕ್ಷನ್ 14: ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವನ್ನೂ ವಾಪಸು ಕಳಿಸುವಂತಿಲ್ಲ.
- ಸೆಕ್ಷನ್ 15: ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು.

ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಸ್ಪತ್ರೆ ಅಥವಾ ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ದಾಖಲೆ, ಅಂಗನವಾಡಿ ದಾಖಲೆ ಆಗುತ್ತದೆ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರುವ ಅಮ್ಮಂದಿರು ಬಹಳ ಜನ, ಕೇಳಿ ನೋಡಿ. ಅದೂ ಇಲ್ಲದಿದ್ದರೆ ಪೋಷಕರು ಬಿಳಿ ಹಾಳೆಯ ಮೇಲೆ ವಯಸ್ಸಿನ ಘೋಷಣೆ ಬರೆದುಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಶಿಕ್ಷಕರು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಬೇಕು.

ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆಲ್ಲ ಜೂನ್ 1 ಎಂದು ಬರೆಯುವ ಹಳೆಯ ಅಭ್ಯಾಸವೊಂದಿದೆ. ಹಾಗೆ ಮಾಡಬೇಡಿ. ಮುಂದೆ ಆಧಾರ್‌ನಲ್ಲಿ ಇನ್ನೊಂದು ದಿನಾಂಕ ಬಂದು, ಎಸ್‌ಎಸ್‌ಎಲ್‌ಸಿ ಹೊತ್ತಿಗೆ ತಿದ್ದುಪಡಿಗಾಗಿ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ‘ಮಳೆಗಾಲದಲ್ಲಿ ಹುಟ್ಟಿದ್ದಾ? ದುರ್ಗಾಪೂಜೆಗೆ ಮುಂಚೆಯಾ, ಆಮೇಲಾ? ಛಠ್ ಹಬ್ಬದ ಹತ್ತಿರಾನಾ?’ ಎಂದು ಅವರ ಊರಿನ ಹಬ್ಬ ಹಿಡಿದು ಕೇಳಿದರೆ ತಿಂಗಳಾದರೂ ಸಿಗುತ್ತದೆ.

ಹೆಸರಿನ ವಿಷಯದಲ್ಲೂ ಇದೇ ತೊಂದರೆ. ನಮ್ಮಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಇನಿಷಿಯಲ್ ಆಗುತ್ತದೆ, ಒಡಿಶಾ, ಬಂಗಾಳದ ಕಡೆ ಮನೆತನದ ಹೆಸರು ಕೊನೆಗೆ ಬರುತ್ತದೆ. ಅವರ ಹೆಸರನ್ನು ನಮ್ಮ ಪದ್ಧತಿಗೆ ತಿರುಗಿಸಬೇಡಿ. ಯಾವುದಾದರೂ ಒಂದು ಕಾಗದದಲ್ಲಿ ಇರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ ಬರೆಯಿರಿ.

ಆಧಾರ್ ಇಲ್ಲದಿದ್ದರೂ ದಾಖಲಾತಿ ನಿಲ್ಲಬಾರದು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿದೆ. ವಿದ್ಯಾರ್ಥಿಗಳ ವಿವರ ತುಂಬುವ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ ಯಾವುದೋ ಕಲಂ ಭರ್ತಿಯಾಗುತ್ತಿಲ್ಲ ಎನ್ನುವುದು ಶಾಲೆಯ ಸಮಸ್ಯೆ, ಮಗುವಿನದಲ್ಲ. ದಾಖಲಾತಿ ರಿಜಿಸ್ಟರ್‌ನಲ್ಲಿ, ಹಾಜರಿಯಲ್ಲಿ ಆ ದಿನವೇ ಹೆಸರು ಬರೆಯಿರಿ, ಆನ್‌ಲೈನ್ ಕೆಲಸ ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಜೊತೆ ಕೂತು ಮಾಡಿ. ಬೇರೆ ರಾಜ್ಯದಲ್ಲಿ ಓದಿದ್ದ ಮಗುವಿಗೆ ದೇಶದ ಶಾಲೆಗಳ ಮಾಹಿತಿ ಇಡುವ ಯುಡೈಸ್ ಪ್ಲಸ್ ಜಾಲತಾಣದ ಪೆನ್ (ಕಾಯಂ ವಿದ್ಯಾರ್ಥಿ) ಸಂಖ್ಯೆ ಇರುತ್ತದೆ. ಹಳೆಯ ಶಾಲೆಯವರು ಮಗುವನ್ನು ಅದರ ‘ಡ್ರಾಪ್‌ಬಾಕ್ಸ್’ಗೆ (ಶಾಲೆ ಬಿಟ್ಟವರ ಪಟ್ಟಿ) ಹಾಕಿದರೆ ಮಾತ್ರ ನಿಮ್ಮ ಶಾಲೆಗೆ ಎಳೆದುಕೊಳ್ಳಬಹುದು. ಅವರು ಹಾಕಿರುವುದಿಲ್ಲ, ಇಲ್ಲಿ ಹುಡುಕಿದರೆ ಸಿಗುವುದಿಲ್ಲ, ಕೊನೆಗೆ ಹೊಸ ಮಗು ಎಂದು ನಮೂದಿಸಿ ಎರಡು ಸಂಖ್ಯೆ ಹುಟ್ಟುತ್ತವೆ. ಅದಕ್ಕಿಂತ ಪೋಷಕರ ಬಳಿ ಹಳೆಯ ಶಾಲೆಯ ಹೆಸರು, ಒಬ್ಬ ಶಿಕ್ಷಕರ ಫೋನ್ ನಂಬರ್ ಕೇಳಿ ಒಂದು ಕರೆ ಮಾಡುವುದು ಸುಲಭ.

ಸ್ಯಾಟ್ಸ್ ಸಂಖ್ಯೆ ಬರುವ ತನಕ ಬಿಸಿಯೂಟ ಕೊಡಬಾರದು ಎಂಬ ತಪ್ಪು ತಿಳಿವಳಿಕೆಯೂ ಇದೆ. ಹಾಜರಿಯಲ್ಲಿರುವ ಮಗು ಆ ದಿನವೇ ಉಣ್ಣಬೇಕು: ಊಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಎಲ್ಲವೂ. ಪಠ್ಯಪುಸ್ತಕಕ್ಕೆ ಮಾತ್ರ ನಿಜವಾದ ಕೊರತೆ ಬರುತ್ತದೆ, ಬೇಡಿಕೆ ಮೊದಲೇ ಹೋಗಿರುತ್ತದಲ್ಲ. ಏಪ್ರಿಲ್‌ನಲ್ಲಿ ತೇರ್ಗಡೆಯಾದ ಮಕ್ಕಳಿಂದ ಪ್ರತಿ ತರಗತಿಯ ನಾಲ್ಕೈದು ಸೆಟ್ ಹಳೆಯ ಪುಸ್ತಕ ಪಡೆದು ಬೀರುವಿನಲ್ಲಿಡಿ. ಸಮವಸ್ತ್ರ ಸಿಗುವ ತನಕ ಮಗು ಯಾವ ಬಟ್ಟೆಯಲ್ಲಾದರೂ ಬರಲಿ. ಪ್ರಾರ್ಥನೆಯ ಸಾಲಿನಲ್ಲಿ ಅದನ್ನು ಬೇರೆ ನಿಲ್ಲಿಸಬೇಡಿ.

ಭಾಷೆ: ಊಹಿಸಬೇಡಿ, ಕೇಳಿ

ಅತ್ಯಂತ ಹೆಚ್ಚು ತಪ್ಪಾಗುವ ಜಾಗ ಇದು. ಬಿಹಾರದವರು ಎಂದರೆ ಹಿಂದಿ ಎಂದುಕೊಳ್ಳುತ್ತೇವೆ, ಮನೆಯಲ್ಲಿ ಆಡುವುದು ಭೋಜ್‌ಪುರಿಯೋ ಮೈಥಿಲಿಯೋ ಆಗಿರುತ್ತದೆ. ಬಲಾಂಗೀರ್‌ನ ಮಗುವಿನ ಮಾತು ಸಂಬಲ್‌ಪುರಿ. ಜಾರ್ಖಂಡ್‌ನವರದು ಸಂತಾಲಿಯೋ ಸಾದ್ರಿಯೋ ಇರಬಹುದು. ಬಂಗಾಳಿ ಮಾತಾಡುವ ಮುಸ್ಲಿಂ ಮಗುವನ್ನು ಧರ್ಮ ನೋಡಿ ಉರ್ದು ಶಾಲೆಗೆ ಕಳಿಸಿದರೆ ಆ ಮಗುವಿಗೆ ಕನ್ನಡದಷ್ಟೇ ಉರ್ದುವೂ ಹೊಸದು. ರಾಯಚೂರಿನ ಮಗು ಕನ್ನಡದ್ದೇ ಅಂದುಕೊಂಡಿದ್ದರೆ ಮನೆಯಲ್ಲಿ ಲಂಬಾಣಿ ಅಥವಾ ತೆಲುಗು ಇರಬಹುದು. ಕನ್ನಡವೇ ಆಗಿದ್ದರೂ ‘ಬರಾಕತ್ತಾನ್ರಿ’ ಎಂದಾಗ ತರಗತಿ ನಕ್ಕರೆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಅದು ತಪ್ಪು ಕನ್ನಡವಲ್ಲ, ಅವರ ಊರಿನ ಕನ್ನಡ ಎಂದು ಶಿಕ್ಷಕರು ಎಲ್ಲರೆದುರು ಹೇಳಬೇಕು.

ಬಂದ ವಾರದಲ್ಲೇ ಮಗುವಿಗೆ ಏನು ಬರುತ್ತದೆ ಎಂದು ನೋಡಿ, ಏನು ಬರುವುದಿಲ್ಲ ಎಂದಲ್ಲ. ಕಲ್ಲು, ಕಡ್ಡಿ, ನಾಣ್ಯ ಇಟ್ಟು ಲೆಕ್ಕ ಮಾಡಿಸಿ. ತಾನು ಓದಿದ ಲಿಪಿಯಲ್ಲಿ ಹೆಸರು, ಅಂಕಿ ಬರೆಯಲು ಹೇಳಿ. ಒಂದು ಎಚ್ಚರ: ಬಂಗಾಳಿ, ಅಸ್ಸಾಮಿ ಲಿಪಿಯ ನಾಲ್ಕು ನಮ್ಮ ಕಣ್ಣಿಗೆ 8ರಂತೆ ಕಾಣುತ್ತದೆ, ಅಲ್ಲಿನ ಏಳು 9ರಂತೆ ಕಾಣುತ್ತದೆ. ಎರಡಕ್ಕೆ ಎರಡು ಕೂಡಿಸಿ ‘8’ ಬರೆದಂತೆ ಕಂಡರೆ ಮಗು ಸರಿಯಾಗಿಯೇ ಮಾಡಿದೆ.

ಮೂರನೇ ತರಗತಿಯವರೆಗಿನ ಮಕ್ಕಳಿಗೆ ಸರ್ಕಾರಿ ಶಾಲೆಯ ನಲಿ-ಕಲಿ, ಅಂದರೆ ಚಟುವಟಿಕೆಯಿಂದ ಕಲಿಯುವ ಪದ್ಧತಿ, ಬಹಳ ಅನುಕೂಲ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಏರುವ ಪದ್ಧತಿಯಾದ್ದರಿಂದ ನವೆಂಬರ್‌ನಲ್ಲಿ ಬಂದ ಮಗು ‘ಹಿಂದೆ ಬಿದ್ದ’ದ್ದು ಎನಿಸುವುದಿಲ್ಲ. ಸಹಪಾಠಿಗಳ ಸಹಾಯದ ತಟ್ಟೆಯಲ್ಲಿ (ನಲಿ-ಕಲಿಯಲ್ಲಿ ಗುಂಪಿಗೆ ಹೇಳುವ ಹೆಸರು) ಅದನ್ನು ಕೂರಿಸಿದರೆ ಅರ್ಧ ಕೆಲಸ ಮಕ್ಕಳೇ ಮಾಡುತ್ತಾರೆ. ಕಷ್ಟ ಇರುವುದು 4ರಿಂದ 8ರ ತರಗತಿಗೆ ಬರುವವರಿಗೆ. ಹತ್ತು ವರ್ಷದ ಹುಡುಗನನ್ನು ಕನ್ನಡ ಬಾರದೆಂದು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವನು ಕೆಲವೇ ದಿನಗಳಲ್ಲಿ ಶೆಡ್‌ಗೆ ವಾಪಸು. ವಯಸ್ಸಿನ ತರಗತಿಯಲ್ಲೇ ಹೆಸರಿರಲಿ, ದಿನಕ್ಕೆ 40 ನಿಮಿಷ ಬೇರೆ ಕನ್ನಡ ಪಾಠ ಇರಲಿ. ನಿಯಮದ ಪ್ರಕಾರ ವಿಶೇಷ ತರಬೇತಿ ಕನಿಷ್ಠ 3 ತಿಂಗಳು, ಬೇಕಾದರೆ 2 ವರ್ಷದ ತನಕ ಮುಂದುವರಿಸಬಹುದು.

ಆ 40 ನಿಮಿಷವನ್ನು ಹೀಗೆ ಹೂಡಿ. ಮೊದಲ ಎರಡು ವಾರ ಪುಸ್ತಕ ಮುಟ್ಟಬೇಡಿ, ಕಿವಿ ಮತ್ತು ಬಾಯಿ ಸಾಕು. ಮೊದಲು ಕಲಿಸಬೇಕಾದ ವಾಕ್ಯಗಳು ಬದುಕಿಗೆ ಬೇಕಾದವು: ‘ನೀರು ಬೇಕು’, ‘ಶೌಚಕ್ಕೆ ಹೋಗಬೇಕು’, ‘ಹೊಟ್ಟೆ ನೋಯುತ್ತಿದೆ’, ‘ನನಗೆ ಗೊತ್ತಾಗಲಿಲ್ಲ’, ‘ಅವನು ಹೊಡೆದ’, ‘ನನಗೆ ಭಯ ಆಗುತ್ತಿದೆ’. ಶೌಚಕ್ಕೆ ಕೇಳಲು ಬಾರದೆ ತರಗತಿಯಲ್ಲೇ ಒದ್ದೆ ಮಾಡಿಕೊಂಡ ಮಗು ಮರುದಿನ ಬರುವುದಿಲ್ಲ. ಆ ಮುಜುಗರ ಭಾಷೆ ಬಾರದ ಕಷ್ಟಕ್ಕಿಂತ ದೊಡ್ಡದು. ಕೆಲವು ಮಕ್ಕಳು ಹಲವು ವಾರ ಮಾತೇ ಆಡುವುದಿಲ್ಲ. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ, ಎಬ್ಬಿಸಿ ನಿಲ್ಲಿಸಿ ಮಾತಾಡಿಸಬೇಡಿ.

ಮೂರನೇ ವಾರದಿಂದ ಅಕ್ಷರ. ಯಾವ ಲಿಪಿಯೂ ಬಾರದ ಮಗುವಿಗೆ ನಲಿ-ಕಲಿಯ ಕ್ರಮವೇ ಒಳ್ಳೆಯದು: ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ಅರಸ, ಗರಗಸ ಓದಬಹುದು. ಹಿಂದಿ, ಒಡಿಯಾ, ಬಂಗಾಳಿ ಓದಲು ಬರುವ ಮಗುವಿಗೆ ಇದು ಬೇಡ. ಆ ಭಾಷೆಗಳ ವರ್ಣಮಾಲೆಯ ಕ್ರಮವೂ ಕ, ಖ, ಗ, ಘ ಎಂದೇ ಇದೆ, ಬದಲಾಗುವುದು ಆಕಾರ ಮಾತ್ರ. ಅವರ ಅಕ್ಷರ, ಪಕ್ಕದಲ್ಲಿ ನಮ್ಮ ಅಕ್ಷರ ಹೀಗೆ ಎರಡು ಸಾಲಿನ ಚಾರ್ಟನ್ನು ಮಗುವಿನ ಕೈಯಲ್ಲೇ ಬರೆಸಿ.

ತಪ್ಪುಗಳನ್ನು ತಿದ್ದುವ ಮೊದಲು ಅವು ಎಲ್ಲಿಂದ ಬಂದವು ಎಂದು ನೋಡಿ. ಹಿಂದಿಯಲ್ಲಿ ಪದದ ಕೊನೆಯ ಅಕಾರ ಉಚ್ಚರಿಸುವುದಿಲ್ಲ, ಹಾಗಾಗಿ ‘ಸರ’ ಎಂದು ಬರೆದದ್ದನ್ನು ‘ಸರ್’ ಎಂದು ಓದುತ್ತಾರೆ. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಗಿಡ್ಡ-ಉದ್ದದ ಭೇದವೂ ಇಲ್ಲ. ಬಂಗಾಳಿ ಮಗುವಿಗೆ ಬ ಮತ್ತು ವ ಒಂದೇ, ಸ ಮತ್ತು ಶ ಕಲಸಿಹೋಗುತ್ತವೆ, ಸ್ವರದ ಉದ್ದಗಿಡ್ಡ ಕಿವಿಗೆ ಬೀಳುವುದೇ ಇಲ್ಲ. ಒಡಿಯಾ ಮಗು ಮಾತ್ರ ಕೊನೆಯ ಸ್ವರವನ್ನೂ ಳ, ಣಗಳನ್ನೂ ಸಲೀಸಾಗಿ ಹೇಳುತ್ತದೆ. ಇವನ್ನು ಕಾಗುಣಿತ ತಪ್ಪೆಂದು ಹತ್ತು ಸಲ ಬರೆಸುವುದರಿಂದ ಉಪಯೋಗವಿಲ್ಲ. ಕೆರೆ-ಕೇರೆ, ಕೊಡು-ಕೋಡು ಎಂಬಂಥ ಜೋಡಿಗಳನ್ನು ದಿನಕ್ಕೆ ಐದು ನಿಮಿಷ ಬಾಯಲ್ಲಿ ಆಡಿಸಿ.

ಮನೆಭಾಷೆಯನ್ನು ಶಾಲೆಯಲ್ಲಿ ಆಡಬೇಡ ಎಂದು ತಡೆಯಬೇಡಿ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ ಶುರುವಾದ ‘ರೋಶ್ನಿ’ ಯೋಜನೆಯಲ್ಲಿ ಎರಡೂ ಭಾಷೆ ಬಲ್ಲ ಸ್ವಯಂಸೇವಕರು ಮಗುವಿನ ಮಾತಿನಿಂದ ಮಲಯಾಳಕ್ಕೆ ದಾಟಿಸುವ ಕೆಲಸ ಮಾಡಿದರು. ನಮ್ಮಲ್ಲಿ ಅಂಥವರು ಸಿಗದಿದ್ದರೆ ಅದೇ ಊರಿನಿಂದ ಎರಡು ವರ್ಷ ಮೊದಲು ಬಂದ ದೊಡ್ಡ ತರಗತಿಯ ಮಗು ಇರುತ್ತದೆ. ದಿನಕ್ಕೆ ಹದಿನೈದು ನಿಮಿಷ ಮಾತ್ರ ಆ ಮಗುವಿನ ಸಹಾಯ ತೆಗೆದುಕೊಳ್ಳಿ, ಅದರ ಓದನ್ನು ಕೆಡಿಸಬೇಡಿ.

ದಿನದಿನದ ಅಡ್ಡಿಗಳು

ಹುಡುಗಿಯರ ಗೈರಿಗೆ ಮೊದಲ ಕಾರಣ ತಮ್ಮ, ತಂಗಿ. ಅಮ್ಮ ಗಾರೆ ಹೊರುವಾಗ ಮಗು ಎತ್ತಿಕೊಳ್ಳುವವರು ಬೇಕು. 3ರಿಂದ 6 ವರ್ಷದವರನ್ನು ಅಂಗನವಾಡಿಗೆ ಸೇರಿಸುವ ಕೆಲಸವನ್ನು ಶಾಲೆಯೇ ಕೈಹಿಡಿದು ಮಾಡಿಸಿದರೆ ಅಕ್ಕ ಶಾಲೆಗೆ ಬರುತ್ತಾಳೆ. ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆ (ಶಿಶುಪಾಲನಾ ಕೇಂದ್ರ) ಇದ್ದರೆ ಇನ್ನೂ ಚಿಕ್ಕವರ ಬಗ್ಗೆ ಪಿಡಿಒ ಜೊತೆ ಮಾತಾಡಿ. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡ ಸೈಟ್‌ನಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ.

18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಮಕ್ಕಳ ಓದಿಗೆ ಸಹಾಯಧನದ ಯೋಜನೆಯೂ ಇದೆ. ಹೊರ ರಾಜ್ಯದವರ ಪಡಿತರ ಚೀಟಿಗೆ ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಇಲ್ಲಿಯೂ ಧಾನ್ಯ ಸಿಗುತ್ತದೆ. ಪೋಷಕರ ಸಭೆಯಲ್ಲಿ ಈ ಎರಡು ಮಾತು ಹೇಳಿದರೆ ಮುಂದಿನ ಸಭೆಗೆ ಜನ ತಾವೇ ಬರುತ್ತಾರೆ. ವಿದ್ಯಾರ್ಥಿವೇತನದ ಬಗ್ಗೆ ಮಾತ್ರ ಭರವಸೆ ಕೊಡುವ ಮುನ್ನ ವಿಚಾರಿಸಿ. ಒಂದು ರಾಜ್ಯದ ಎಸ್‌ಸಿ, ಎಸ್‌ಟಿ ಪ್ರಮಾಣಪತ್ರಕ್ಕೆ ವಲಸೆ ಹೋದ ರಾಜ್ಯದಲ್ಲಿ ಅದೇ ಸೌಲಭ್ಯ ಸಾಮಾನ್ಯವಾಗಿ ಸಿಗುವುದಿಲ್ಲ.

ಸಭೆಯನ್ನು ಭಾನುವಾರ ಅಥವಾ ಸಂಜೆ ಇಡಿ. ಓದಲು ಬಾರದವರಿಗೆ ಚೀಟಿ ಕಳಿಸುವ ಬದಲು ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ, ಅವರ ಭಾಷೆ ಬಲ್ಲವರಿಂದ ಹೇಳಿಸಿ. ಮಗುವಿನ ಮೇಲಿನ ದೂರು, ಕಾಯಿಲೆ, ಮನೆಯ ಜಗಳದಂಥ ವಿಷಯಕ್ಕೆ ಆ ಮಗುವನ್ನೇ ದುಭಾಷಿ ಮಾಡಬೇಡಿ. ಎಸ್‌ಡಿಎಂಸಿಯಲ್ಲಿ ಗುಳೆ ಬಂದವರ ಕಡೆಯಿಂದ ಒಬ್ಬ ತಾಯಿಯನ್ನಾದರೂ ಕೂರಿಸಿ.

ಸುರಕ್ಷತೆ

ಬಂಗಾಳಿ ಮಾತಾಡುವ ಕುಟುಂಬಗಳನ್ನು ‘ಬಾಂಗ್ಲಾದವರಾ?’ ಎಂದು ಕೇಳುವುದು ಊರಿನಲ್ಲಿ ನಡೆಯುತ್ತದೆ, ಶಾಲೆಯೊಳಗೂ ನುಸುಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ಮಗು’ ಎಂದರೆ 6ರಿಂದ 14 ವರ್ಷದ ಹುಡುಗ ಅಥವಾ ಹುಡುಗಿ, ಪೌರತ್ವದ ಮಾತು ಆ ವ್ಯಾಖ್ಯೆಯಲ್ಲಿ ಇಲ್ಲ. ಪೌರತ್ವ ಪರಿಶೀಲನೆ ಶಿಕ್ಷಕರ ಕೆಲಸವಲ್ಲ. ಯಾರಾದರೂ ಬಂದು ಹೊರಗಿನ ಮಕ್ಕಳ ಪಟ್ಟಿ, ವಿಳಾಸ, ಪೋಷಕರ ಫೋನ್ ಕೇಳಿದರೆ ಬಾಯಿಮಾತಿಗೆ ಕೊಡಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಲಿಖಿತವಾಗಿ ಬರಲಿ ಎನ್ನಿ, ಬಂದವರ ಹೆಸರು, ಹುದ್ದೆ, ಸಮಯವನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಸಿ. ಪಾಠದ ನಡುವೆ ಮಗುವನ್ನು ಹೊರಗೆ ಕರೆದು ಅಪರಿಚಿತರ ಮುಂದೆ ನಿಲ್ಲಿಸಬೇಡಿ. ಪೊಲೀಸರೇ ಮಗುವಿನೊಂದಿಗೆ ಮಾತಾಡಬೇಕೆಂದರೆ ಬಾಲನ್ಯಾಯ ಕಾಯ್ದೆ 2015ರಂತೆ ಪ್ರತಿ ಠಾಣೆಯಲ್ಲೂ ಇರಬೇಕಾದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಕೇಳಿ, ಪೋಷಕರನ್ನು ಕರೆಸಿ. ದಾನಿಗಳಿಗೆ ತೋರಿಸಲೆಂದು ಮಕ್ಕಳ ಮುಖ, ಶೆಡ್‌ನ ಜಾಗ ಕಾಣುವ ಫೋಟೊ ಗ್ರೂಪ್‌ಗಳಿಗೆ ಹಾಕುವುದೂ ಬೇಡ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ‘ಹೊರಗಿನವರು, ನಾಳೆ ಹೋಗಿಬಿಡುತ್ತಾರೆ’ ಎಂದು ಸುಮ್ಮನಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಸಿಗುತ್ತದೆ.

ಇಟ್ಟಿಗೆ ಗೂಡಿನಲ್ಲಿ ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂಬ ಲೆಕ್ಕ, ಆದ್ದರಿಂದ ಹಸಿ ಇಟ್ಟಿಗೆ ಮಗುಚುವ ಕೆಲಸಕ್ಕೆ ಮಕ್ಕಳ ಕೈಯೂ ಸೇರುತ್ತದೆ. ಮುಂಗಡ ತೀರುವ ತನಕ ಹೊರಗೆ ಬಿಡುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವಿಷಯ. ಶಿಕ್ಷಕರು ನೇರವಾಗಿ ಮಾಲೀಕನೊಂದಿಗೆ ವಾದಕ್ಕೆ ಇಳಿಯಬೇಡಿ, ರಾತ್ರೋರಾತ್ರಿ ಕುಟುಂಬವನ್ನೇ ಬೇರೆಡೆಗೆ ಸಾಗಿಸಿಬಿಡಬಹುದು. ಬಿಇಒ, ತಹಶೀಲ್ದಾರ್ ಇಬ್ಬರಿಗೂ ಲಿಖಿತವಾಗಿ ತಿಳಿಸಿ, 1098ಕ್ಕೆ ಕರೆ ಮಾಡಿ.

ಯಾವುದಾದರೂ ಶಾಲೆ ಮಗುವನ್ನು ಸೇರಿಸಿಕೊಳ್ಳದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು, ಆಮೇಲೂ ಅಸಮಾಧಾನವಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಹೋಗುವ ದಿನ

ಇದಕ್ಕೆ ಯಾವ ಶಾಲೆಯೂ ತಯಾರಾಗಿರುವುದಿಲ್ಲ, ಮಕ್ಕಳು ಹೆಚ್ಚು ಕೈಜಾರುವುದೂ ಇಲ್ಲೇ. ಟ್ರಾಕ್ಟರ್ ರಾತ್ರಿ ಬರುತ್ತದೆ, ಬೆಳಿಗ್ಗೆ ಶೆಡ್ ಖಾಲಿ. ಟಿಸಿ ಕೇಳಲು ಸಮಯವೇ ಇರುವುದಿಲ್ಲ. ಆದ್ದರಿಂದ ಹೋಗುವ ದಿನದ ಕಾಗದವನ್ನು ಮಗು ಸೇರಿದ ವಾರದಲ್ಲೇ ತಯಾರು ಮಾಡಿ, ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಅಮ್ಮನ ಕೈಗೆ ಕೊಟ್ಟಿಡಿ. ಅದರಲ್ಲಿ ದಾಖಲಾತಿ ರಿಜಿಸ್ಟರ್‌ನ ದೃಢೀಕೃತ ನಕಲು, ಸ್ಯಾಟ್ಸ್ ಮತ್ತು ಪೆನ್ ಸಂಖ್ಯೆ, ವಯಸ್ಸಿನ ಘೋಷಣೆಯ ಪ್ರತಿ, ಶಾಲೆಯ ಯುಡೈಸ್ ಕೋಡ್, ಮುಖ್ಯ ಶಿಕ್ಷಕರ ಫೋನ್ ನಂಬರ್ ಇರಲಿ. ತಿಂಗಳಿಗೊಮ್ಮೆ ಒಂದೇ ಸಾಲು ಸೇರಿಸಿ: ಈ ಮಗು ಇಲ್ಲಿಯವರೆಗೆ ಓದಬಲ್ಲದು, ಇಷ್ಟು ಲೆಕ್ಕ ಮಾಡಬಲ್ಲದು. ಹಿಂದಿಯಲ್ಲೂ ಇಂಗ್ಲಿಷ್‌ನಲ್ಲೂ ಬರೆದರೆ ಮುಂದಿನ ರಾಜ್ಯದ ಶಿಕ್ಷಕರಿಗೆ ಅರ್ಥವಾಗುತ್ತದೆ. ಎಲ್ಲದರ ಫೋಟೊ ಅಪ್ಪನ ಮೊಬೈಲ್‌ನಲ್ಲೂ ಇರಲಿ.

ಮೇಸ್ತ್ರಿಯ ಕೆಲಸ ಮುಗಿಯುವ ತಿಂಗಳು ನಿಮಗೆ ಮೊದಲ ಭೇಟಿಯಲ್ಲೇ ಗೊತ್ತಾಗಿರುತ್ತದೆ. ಆ ತಿಂಗಳು ಬಂದಾಗ ಮಕ್ಕಳನ್ನೇ ಕೇಳಿ, ಅವರಿಗೆ ತಿಳಿದಿರುತ್ತದೆ. ಎರಡು ದಿನ ಕಾಣದಿದ್ದರೆ ಮೂರನೇ ದಿನ ಫೋನ್ ಮಾಡಿ, ವಾರ ಕಾಯಬೇಡಿ. ಹೊರಟಿದ್ದು ಖಚಿತವಾದ ಕೂಡಲೇ ಯುಡೈಸ್‌ನಲ್ಲಿ ಡ್ರಾಪ್‌ಬಾಕ್ಸ್‌ಗೆ ಹಾಕಿ, ಟಿಸಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಮೂಲ ಪ್ರತಿಯನ್ನು ಅಂಚೆಯಲ್ಲಿ ಹೊಸ ಶಾಲೆಗೆ ಕಳಿಸಿ. ಹದಿನೈದು ದಿನದೊಳಗೆ ಇನ್ನೊಂದು ಕರೆ: ಸೇರಿಸಿದಿರಾ? ಸೇರಿಸಿಕೊಳ್ಳಲಿಲ್ಲ ಎಂದರೆ ಅಲ್ಲಿನ ಮುಖ್ಯ ಶಿಕ್ಷಕರೊಂದಿಗೆ ನೀವೇ ಮಾತಾಡಿ. ಒಬ್ಬ ಶಿಕ್ಷಕರು ಇನ್ನೊಬ್ಬ ಶಿಕ್ಷಕರಿಗೆ ಹೇಳಿದ ಮಾತಿಗೆ ಸುತ್ತೋಲೆಗಿಂತ ಹೆಚ್ಚು ಬೆಲೆ ಸಿಗುತ್ತದೆ.

ಎಂಟನೇ ತರಗತಿಯವರ ವಿಷಯದಲ್ಲಿ ಇನ್ನೂ ಮುಂಚಿತವಾಗಿ ಎಚ್ಚೆತ್ತುಕೊಳ್ಳಿ. ಶಿಕ್ಷಣ ಹಕ್ಕಿನ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ, ಒಂಬತ್ತಕ್ಕೆ ಟಿಸಿ ಇಲ್ಲದೆ ಹೋದರೆ ವಾಪಸು ಕಳಿಸಬಹುದು. ತರಗತಿ ಮುಗಿದ ಪ್ರಮಾಣಪತ್ರ, ಟಿಸಿ ಎರಡೂ ಏಪ್ರಿಲ್‌ನಲ್ಲೇ ಅವರ ಕೈ ಸೇರಲಿ. ಊರೂರು ತಿರುಗಲೇಬೇಕಾದ, 14 ತುಂಬಿದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿ ಒಂದು ದಾರಿ.

ಕಬ್ಬಿನವರು, ಕಾಫಿಯವರು ಮುಂದಿನ ಹಂಗಾಮಿಗೆ ಅದೇ ಊರಿಗೆ ಮರಳುವುದು ಸಾಮಾನ್ಯ. ಮಗುವಿನ ನೋಟ್‌ಬುಕ್, ಅಕ್ಷರದ ಚಾರ್ಟು, ಕಲಿತದ್ದರ ಟಿಪ್ಪಣಿಯನ್ನು ರದ್ದಿಗೆ ಹಾಕದೆ ಹೆಸರು ಬರೆದು ಬೀರುವಿನಲ್ಲಿಡಿ. ನವೆಂಬರ್‌ನಲ್ಲಿ ಮಗು ಬಾಗಿಲಲ್ಲಿ ನಿಂತಾಗ ಅದೇ ನೋಟ್‌ಬುಕ್ ತೆಗೆದು ಕೊಡಿ, ಬಿಟ್ಟ ಪುಟದಿಂದ ಪಾಠ ಶುರುವಾಗಲಿ.